ಓದುಗರು ಕೇಳಿದ್ದು: ಸೇತುವೆಯೇ ಇಲ್ಲದ ಸೇತುವೆ ಕಾಳಗ

ಪ್ರಶ್ನೆ: ರಜೆಯಲ್ಲಿ ಮಕ್ಕಳ ಜೊತೆ ಕೂತು ‘ಬ್ರೇವ್‌ಹಾರ್ಟ್’ ಸಿನಿಮಾ ನೋಡಿದೆವು. ಇದೆಲ್ಲ ನಿಜವಾಗಿ ನಡೆದದ್ದಾ ಅಂತ ಮಗ ಕೇಳಿದ. ಏನು ಹೇಳಲಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಸಿನಿಮಾದ ನಾಯಕ ವಿಲಿಯಂ ವ್ಯಾಲೇಸ್ ಇದ್ದದ್ದು ನಿಜ, ಸ್ಕಾಟ್ಲೆಂಡ್ ಇಂಗ್ಲಿಷರ ವಿರುದ್ಧ ದಂಗೆ ಎದ್ದದ್ದು ನಿಜ, ಅವನನ್ನು ಲಂಡನ್ನಿನಲ್ಲಿ ಕ್ರೂರವಾಗಿ ಕೊಂದದ್ದೂ ನಿಜ ಅಂತ ಮಗನಿಗೆ ಹೇಳಿ. ಆಮೇಲೆ ಒಂದು ಹಾಳೆ ತೆಗೆದು ಸೇತುವೆಯೊಂದರ ಚಿತ್ರ ಬರೆಯಿರಿ. ಆ ಸಿನಿಮಾದಲ್ಲಿ ಇಲ್ಲದ್ದು ಅದೇ.

1297ರ ಸೆಪ್ಟೆಂಬರ್ 11ರಂದು ನಡೆದದ್ದು ಸ್ಟರ್ಲಿಂಗ್ ಸೇತುವೆ ಕಾಳಗ. ಸಿನಿಮಾದಲ್ಲಿ ಅದು ಬಯಲಿನಲ್ಲಿ ನಡೆಯುತ್ತದೆ. ಎರಡು ಕಡೆಯವರೂ ಕೂಗುತ್ತಾ ಓಡಿಬಂದು ಡಿಕ್ಕಿ ಹೊಡೆಯುತ್ತಾರೆ. ನಿಜವಾದ ಜಾಗದಲ್ಲಿ ಫೋರ್ತ್ ನದಿ ಇತ್ತು, ಅದರ ಮೇಲೆ ಇಕ್ಕಟ್ಟಾದ ಮರದ ಸೇತುವೆ ಇತ್ತು. ಒಟ್ಟಿಗೆ ಇಬ್ಬರು ಕುದುರೆ ಸವಾರರು ಮಾತ್ರ ದಾಟಬಹುದಿತ್ತು. ತುಂಬಿದ ತೋಡಿನ ಕಾಲುಸಂಕ ದಾಟಿ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಪಾಳೆಯದಲ್ಲಿದ್ದ ರಿಚರ್ಡ್ ಲುಂಡಿ ಎಂಬ ಸವಾರ, ಹತ್ತಿರದಲ್ಲೇ 60 ಜನ ಒಟ್ಟಿಗೆ ದಾಟುವಂಥ ಕಡವು ಇದೆ, ನಾನು ತೋರಿಸುತ್ತೇನೆ ಅಂದ. ಯಾರೂ ಕೇಳಲಿಲ್ಲ. ಸುಮ್ನೆ ತಡ ಮಾಡಿ ರಾಜನ ದುಡ್ಡು ಹಾಳು ಮಾಡಬೇಡಿ ಎಂದು ಖಜಾನೆ ಅಧಿಕಾರಿ ಕ್ರೆಸಿಂಗ್‌ಹ್ಯಾಮ್ ಅವಸರ ಮಾಡಿದ. ಸ್ಕಾಟರು ಎತ್ತರದಲ್ಲಿ ನಿಂತು ಕಾದರು. ತಾವು ಎದುರಿಸಬಲ್ಲಷ್ಟು ಜನ ಈಚೆ ದಡಕ್ಕೆ ಬರುವವರೆಗೂ ಬಿಟ್ಟರು. ಆಮೇಲೆ ಇಳಿದು ಸೇತುವೆಯ ಬಾಯಿ ಮುಚ್ಚಿದರು. ಈಚೆ ಬಂದವರಿಗೆ ಹಿಂದೆ ಹೋಗಲು ದಾರಿ ಇಲ್ಲ, ಆಚೆ ಉಳಿದವರಿಗೆ ಮುಂದೆ ಬರಲು ದಾರಿ ಇಲ್ಲ. ಕ್ರೆಸಿಂಗ್‌ಹ್ಯಾಮ್ ಅಲ್ಲೇ ಸತ್ತ.

ನನಗೆ ಬೇಜಾರಾಗುವುದು ಇಲ್ಲೇ. ಸಣ್ಣ ಸೈನ್ಯ ದೊಡ್ಡ ಸೈನ್ಯವನ್ನು ಗೆದ್ದದ್ದು ತಾಳ್ಮೆಯಿಂದ, ಲೆಕ್ಕಾಚಾರದಿಂದ. ಸಿನಿಮಾ ಆ ಬುದ್ಧಿಯನ್ನು ತೆಗೆದು ಬರೀ ಸಿಟ್ಟನ್ನು ಉಳಿಸಿಕೊಂಡಿತು. ವ್ಯಾಲೇಸ್‌ನ ಪಕ್ಕದಲ್ಲಿ ನಿಂತು ಆ ಸೈನ್ಯ ನಡೆಸಿದ ಆಂಡ್ರ್ಯೂ ಮರ್ರೆಯನ್ನೂ ಬಿಟ್ಟಿತು. ಅವನು ಅದೇ ವರ್ಷ ಸತ್ತ. ಕಾಳಗದ ಗಾಯದಿಂದ ಎನ್ನುತ್ತಾರೆ. ಅವನ ಹೆಸರಾದರೂ ಮಕ್ಕಳಿಗೆ ಗೊತ್ತಾಗಲಿ.

ದಂಗೆಯ ಕಾರಣವೂ ಹಾಗೇ. ನವವಧುವಿನ ಮೇಲೆ ಇಂಗ್ಲಿಷ್ ದೊರೆಗೆ ಮೊದಲ ರಾತ್ರಿಯ ಹಕ್ಕು ಇತ್ತು ಎಂಬ ಕಥೆಗೆ ಅಲ್ಲಿ ಆಧಾರವೇ ಇಲ್ಲ. ಆದರೆ 1296ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ದೊರೆಯ ಸೈನ್ಯ ಬೆರಿಕ್ ಪಟ್ಟಣಕ್ಕೆ ನುಗ್ಗಿ ಜನರನ್ನು ಕಡಿದು ಹಾಕಿದ್ದು ನಿಜ. ಸ್ಕಾಟರ ರಾಜನನ್ನು ಇಳಿಸಿ ತನ್ನ ಅಧಿಕಾರಿಗಳನ್ನು ಕೂರಿಸಿದ್ದು, ತೆರಿಗೆ ಕಿತ್ತದ್ದು ಎಲ್ಲ ನಿಜ. ಇಷ್ಟು ದೊಡ್ಡ ಅನ್ಯಾಯ ಕಣ್ಣೆದುರು ಇರುವಾಗ ಇನ್ನೊಂದನ್ನು ಕಟ್ಟುವ ಅಗತ್ಯ ಏನಿತ್ತು?

ಪ್ರಶ್ನೆ: ರಾಜಕುಮಾರಿ ಇಸಾಬೆಲ್ಲಾ ಜೊತೆಗಿನ ಪ್ರೇಮ? ಮುಖದ ನೀಲಿ ಬಣ್ಣ?
– ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಎರಡೂ ಇಲ್ಲಮ್ಮ. ವ್ಯಾಲೇಸ್ ಸೋತ ಫಾಲ್ಕರ್ಕ್ ಕಾಳಗ ನಡೆದದ್ದು 1298ರಲ್ಲಿ. ಆಗ ಇಸಾಬೆಲ್ಲಾ ಫ್ರಾನ್ಸಿನಲ್ಲಿದ್ದ ಪುಟ್ಟ ಮಗು. ಅವಳ ಮದುವೆ ಆದದ್ದು 1308ರಲ್ಲಿ, ವ್ಯಾಲೇಸ್ ಸತ್ತು ಎರಡು ವರ್ಷ ದಾಟಿದ ಮೇಲೆ. ನೀಲಿ ಬಣ್ಣ ರೋಮನ್ನರ ಕಾಲದ ಮಾತು. ಸಿನಿಮಾದಲ್ಲಿ ಸ್ಕಾಟರು ಉಟ್ಟ ಆ ನೆರಿಗೆಯ ಉಡುಪು (ಕಿಲ್ಟ್) ಬಂದದ್ದು ಸುಮಾರು 300 ವರ್ಷ ಆಮೇಲೆ.

ಪ್ರಶ್ನೆ: ಹಾಗಾದರೆ ಈ ಕಥೆ ಬಂದದ್ದೆಲ್ಲಿಂದ? ನಿಜವಾದ ವ್ಯಾಲೇಸ್ ಬಗ್ಗೆ ಏನಾದರೂ ಉಳಿದಿದೆಯಾ?
– ಶಿಕ್ಷಕರು, ಕುಶಾಲನಗರ

ಉತ್ತರ: ಕಥೆ ಬಂದದ್ದು ಜಾಸ್ತಿ ‘ಕುರುಡ ಹ್ಯಾರಿ’ ಎಂಬ ಕವಿಯ ಲಾವಣಿಯಂಥ ಕಾವ್ಯದಿಂದ. ಅವನು ಹಾಡಿದ್ದು ವ್ಯಾಲೇಸ್ ಸತ್ತು 170 ವರ್ಷಗಳ ಮೇಲೆ.

ನಿಜವಾಗಿ ಉಳಿದಿರುವುದರಲ್ಲಿ ನನಗೆ ತುಂಬಾ ಪ್ರೀತಿಯದ್ದು ಒಂದು ಕಾಗದ. ಸ್ಟರ್ಲಿಂಗ್ ಗೆದ್ದ ಒಂದೇ ತಿಂಗಳಿಗೆ, ಅಕ್ಟೋಬರ್ 11ರಂದು, ಮರ್ರೆ ಮತ್ತು ವ್ಯಾಲೇಸ್ ಹೆಸರಿನಲ್ಲಿ ಜರ್ಮನಿಯ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ವರ್ತಕರಿಗೆ ಹೋದ ಪತ್ರ. ದೇವರ ದಯೆಯಿಂದ ದೇಶ ಇಂಗ್ಲಿಷರ ಕೈಯಿಂದ ಬಿಡಿಸಿಕೊಂಡಿದೆ, ನಿಮ್ಮ ಸರಕು ನಮ್ಮ ಬಂದರುಗಳಿಗೆ ನಿರ್ಭಯವಾಗಿ ಬರಲಿ ಎಂಬುದು ಅದರ ಸಾರ. ಅದಕ್ಕೆ ವ್ಯಾಲೇಸ್‌ನ ಮುದ್ರೆ ಇದೆ. ಮುದ್ರೆಯ ಹಿಂಬದಿಯಲ್ಲಿ ಬಿಲ್ಲು ಬಾಣ, ಸುತ್ತ ‘ಅಲನ್‌ನ ಮಗ ವಿಲಿಯಂ’ ಎಂಬ ಅಕ್ಷರ. ಸಿನಿಮಾದಲ್ಲಿ ತಂದೆಯ ಹೆಸರು ಮಾಲ್ಕಮ್! ಕಾಳಗದ ಕೆಸರು ಒಣಗುವ ಮೊದಲೇ ಬಂದರು, ವ್ಯಾಪಾರದ ಚಿಂತೆ ಮಾಡಿದವರು ಇವರು. ಕಾಫಿ, ಕಾಳುಮೆಣಸಿನ ಬೆಲೆ ನೋಡಿ ವರ್ಷ ಕಳೆಯುವ ನಮಗೆ ಇಂಥ ನಾಯಕರು ಅರ್ಥವಾಗುತ್ತಾರೆ, ಅಲ್ವಾ?

ಒಂದು ಕಡೆ ಸಿನಿಮಾವನ್ನು ಮೆಚ್ಚುತ್ತೇನೆ. ನಾನು ದ್ರೋಹಿಯಲ್ಲ, ಇಂಗ್ಲಿಷ್ ದೊರೆಗೆ ನಿಷ್ಠೆಯ ಆಣೆ ಇಟ್ಟವನೇ ಅಲ್ಲ ಎಂದು 1305ರ ವಿಚಾರಣೆಯಲ್ಲಿ ವ್ಯಾಲೇಸ್ ನಿಜವಾಗಿ ವಾದಿಸಿದ್ದ. ಆ ಮಾತನ್ನು ಸಿನಿಮಾ ಉಳಿಸಿಕೊಂಡಿದೆ.

ಪ್ರಶ್ನೆ: ನಮ್ಮ 1837ರ ಅಮರ ಸುಳ್ಯದ ದಂಗೆ ಬಗ್ಗೆ ಇಂಥ ದೊಡ್ಡ ಸಿನಿಮಾ ಯಾವಾಗ?
– ಓದುಗರೊಬ್ಬರು, ಭಾಗಮಂಡಲ

ಉತ್ತರ: ಬೇಗ ಬರಲಿ. ಆದರೆ ಮಾಡುವವರು ಕೆಲವು ವಿಷಯ ಬಿಡಬಾರದು ಎಂದು ನನ್ನ ಕಳಕಳಿ.

1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಸುಳ್ಯ, ಪುತ್ತೂರಿನ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕೊಡಿ ಅಂದಿತು. ರೈತನ ಕೈಯಲ್ಲಿ ರೊಕ್ಕ ಎಲ್ಲಿತ್ತು? ಸಿನಿಮಾ ಇಲ್ಲಿಂದ ಶುರುವಾಗಲಿ. ಇದರ ಬದಲು ಒಂದು ಪ್ರೇಮಕಥೆ ತುರುಕಿದರೆ ಆ ರೈತರಿಗೆ ಮೋಸವಾಗುತ್ತದೆ.

ಇನ್ನು, ಕೊಡಗನ್ನು ಆಳಿದ ಹಾಲೇರಿ ಮನೆತನದ ಕಲ್ಯಾಣಸ್ವಾಮಿ ನಾನೇ ಎಂದು ಆ ಹೆಸರಿನಲ್ಲಿ ಮುಂದೆ ನಿಂತವನು ಪುಟ್ಟಬಸಪ್ಪ. ಹಾಲೇರಿ ಅರಸು ಮನೆತನದ ಹೆಸರಿಗೆ ಜನ ಹೇಗೆ ಒಟ್ಟಾದರು ಎಂಬುದನ್ನು ನೇರವಾಗಿ ತೋರಿಸಲಿ. ಅದರಿಂದ ಅವನ ಧೈರ್ಯ ಕಡಿಮೆಯಾಗುವುದಿಲ್ಲ. ಏಪ್ರಿಲ್ 5ಕ್ಕೆ ಮಂಗಳೂರನ್ನೇ ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದವರು ಅವರು.

ಕಷ್ಟದ ಭಾಗವನ್ನೂ ಬಿಡಬಾರದು. ಕೊಡಗಿನವರೇ ಹಲವರು ಕಂಪನಿಯ ಪರ ನಿಂತರು. ಅವರಿಗೆ ಕಂಪನಿ ಪದಕ ಕೊಟ್ಟಿತು, 44 ಚಿನ್ನದ್ದು, 300 ಬೆಳ್ಳಿಯದ್ದು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿತು. ವ್ಯಾಲೇಸ್‌ನನ್ನು ಹಿಡಿದುಕೊಟ್ಟ ಜಾನ್ ಮೆಂಟೀತ್ ಕೂಡ ಸ್ಕಾಟನೇ. ಆ ಪದಕ ಪಡೆದವರ ಮನಸ್ಸಿನಲ್ಲಿ ಏನಿತ್ತು, ಯಾವ ಭಯ, ಯಾವ ಲೆಕ್ಕ ಎಂದು ಯಾರನ್ನೂ ಹೀಯಾಳಿಸದೆ ಬರೆಯಬಲ್ಲ ಕಥೆಗಾರ ಸಿಕ್ಕರೆ, ಆ ಸಿನಿಮಾದ ಮೊದಲ ಆಟಕ್ಕೇ ನಾನು ಟಿಕೆಟ್ ತೆಗೆಯುತ್ತೇನೆ.