ಆಗುಂಬೆಗೆ ಚಿಕ್ಕ ರೈಲು ಹತ್ತಿಸ್ಬೇಕಾದ್ರೆ ರಸ್ತೆ ನೋಡ್ಬೇಡಿ

ಪ್ರಶ್ನೆ: ಸರ್, ನಾನು ಹಿರಿಯಡ್ಕದವ, ಕೆಲಸ ಮಣಿಪಾಲದಲ್ಲಿ. ರಾತ್ರಿ ಊಟ ಆದ್ಮೇಲೆ ಕೂತು ಓಪನ್ ರೈಲ್ಸ್ ಅನ್ನುವ ಕಂಪ್ಯೂಟರ್ ರೈಲು ಆಟಕ್ಕೆ ಒಂದು ಕಾಲ್ಪನಿಕ ನ್ಯಾರೋ ಗೇಜ್ (ಹಳಿಗಳ ಅಂತರ ಕಡಿಮೆ ಇರುವ ಚಿಕ್ಕ ರೈಲಿನ) ರೂಟ್ ಮಾಡ್ತಾ ಇದ್ದೇನೆ, ಮಲ್ಪೆಯಿಂದ ಉಡುಪಿ, ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ಆಗಿ ಆಗುಂಬೆಗೆ. ಕಾಲ 1920ರ ಆಸುಪಾಸು. ಹೆಬ್ರಿವರೆಗೆ ಚಂದ ಬಂತು. ಘಟ್ಟದಲ್ಲಿ ಈಗಿನ ರಸ್ತೆಯನ್ನೇ ಹಿಡ್ಕೊಂಡು ಟ್ರ್ಯಾಕ್ ಹಾಕಿದೆ, ಏರು ಕೆಲವು ಕಡೆ ಶೇಕಡಾ 7 ಬರ್ತದೆ, ಐದು ಬೋಗಿಯ ಸ್ಟೀಮ್ ಇಂಜಿನ್ ಎರಡ್ನೇ ತಿರುವಲ್ಲೇ ನಿಂತು ಚಕ್ರ ಮಾತ್ರ ತಿರುಗಿಸ್ತದೆ. ನೋಡಿದವ್ರು ದೊಡ್ಡ ರೈಲನ್ನು ಕುಗ್ಗಿಸಿ ಇಟ್ಟ ಹಾಗೆ ಉಂಟು ಅಂತಾರೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಇಂಜಿನ್ ತಪ್ಪಿಲ್ಲ ಮಾರಾಯ್ರೆ, ಅದು ಸರಿಯಾಗಿಯೇ ನಿಂತಿದೆ. ಆಗುಂಬೆ ರಸ್ತೆಯ 14 ಹೇರ್‌ಪಿನ್ ತಿರುವು ಬಸ್ಸಿಗೆ, ಲಾರಿಗೆ ಮಾಡಿದ್ದು, ರಬ್ಬರ್ ಟಯರಿಗೆ ಡಾಂಬರಿನ ಮೇಲೆ ಸಿಗುವ ಹಿಡಿತ ಕಬ್ಬಿಣದ ಚಕ್ರಕ್ಕೆ ಕಬ್ಬಿಣದ ಹಳಿ ಮೇಲೆ ಸಿಗುವುದಿಲ್ಲ, ಅದ್ರಲ್ಲೂ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಅದು.

ಲೆಕ್ಕ ಹಾಕಿ ನೋಡುವ. 30 ಟನ್ನಿನ ಇಂಜಿನ್, ಅದ್ರಲ್ಲಿ ಎಳೆಯುವ ಚಕ್ರಗಳ ಮೇಲೆ ಕೂತ ಭಾರ 20 ಟನ್ ಅಂತ ಹಿಡಿಯಿರಿ. ಒಣ ಹಳಿಯಲ್ಲಿ ಆ ಭಾರದ ಕಾಲು ಭಾಗ ಎಳೆತ ಸಿಗ್ತದೆ, ಅಂದ್ರೆ 5000 ಕೇಜಿ, ಮಳೆಯಲ್ಲಿ ಅದು 3000ಕ್ಕೆ ಇಳಿತದೆ. ಶೇಕಡಾ 7 ಏರಲ್ಲಿ ಒಂದೊಂದು ಟನ್ನನ್ನು ಎಳೀಲಿಕ್ಕೆ 70 ಕೇಜಿ ಬೇಕು, ಮೇಲಿಂದ ಉರುಳುವ ತಡೆ, ತಿರುವಿನ ತಡೆ ಎಲ್ಲ ಸೇರಿ ಇನ್ನೊಂದು 10. ನಿಮ್ಮ ಐದು ಬೋಗಿ ತಲಾ 9 ಟನ್ ಅಂದ್ರೆ 45, ಇಂಜಿನ್ ಸೇರಿ 75 ಟನ್, ಬೇಕಾದ ಎಳೆತ 6000. ಬಿಸಿಲಲ್ಲೂ ಹತ್ತುವುದಿಲ್ಲ. ಅದೇ ಗಾಡಿಯನ್ನು 33ಕ್ಕೆ 1ರ ಏರಿಗೆ ತಂದ್ರೆ, ಅಂದ್ರೆ ಶೇಕಡಾ 3ಕ್ಕೆ, ಟನ್ನಿಗೆ 40 ಕೇಜಿ ಸಾಕು, ಒಟ್ಟು 3000, ಆಟಿ ತಿಂಗಳ ಮಳೆಯಲ್ಲೂ ಹಳಿ ಮೇಲೆ ಮರಳು ಬಿಟ್ಕೊಂಡು ಹೇಗಾದ್ರೂ ಹತ್ತಿ ಹೋಗ್ತದೆ. ಓಪನ್ ರೈಲ್ಸ್ ಮಳೆಗೆ ಹಿಡಿತ ಕಡಿಮೆ ಮಾಡ್ತದೆ, ಹಾಗಾಗಿ ಟೆಸ್ಟನ್ನು ಯಾವಾಗ್ಲೂ ಮಳೆ ಹಾಕಿಯೇ ಮಾಡಿ.

ಈ 33ಕ್ಕೆ 1 ನಾನು ಕೈಯಿಂದ ಹಾಕಿದ್ದಲ್ಲ, 1903ರಲ್ಲಿ ಶುರುವಾದ ಕಾಲ್ಕಾ-ಶಿಮ್ಲಾ ಲೈನಿನ ಏರು ಅದು, 762 ಮಿಲಿಮೀಟರ್ ಗೇಜು. ನೇರಳ್-ಮಾಥೇರಾನ್ ಲೈನಲ್ಲಿ 20ಕ್ಕೆ 1 ಉಂಟು, ಆದ್ರೆ ಅದು ಜನ ಗಾಳಿ ತಿನ್ಲಿಕ್ಕೆ ಹೋಗುವ ಗುಡ್ಡ, ನಿಮ್ಮದು ಮಲ್ಪೆ ಬಂದರಿನಿಂದ ಸರಕು ಹೊರುವ ಲೈನು, ನಾನಾದ್ರೆ ಶಿಮ್ಲಾವನ್ನೇ ಹಿಡೀತೇನೆ.

ಈಗ ಉದ್ದ. ಸೋಮೇಶ್ವರದಿಂದ ಆಗುಂಬೆಗೆ ಏರ್ಬೇಕಾದ್ದು ಸುಮಾರು 550 ಮೀಟರ್ ಅಂತ ಇಟ್ಕೊಂಡ್ರೆ 33ಕ್ಕೆ 1ರಲ್ಲಿ 18 ಕಿಲೋಮೀಟರ್ ಹಳಿ ಬೇಕು. ಅಷ್ಟಕ್ಕೇ ಮುಗಿಲಿಲ್ಲ, ತಿರುವಿನಲ್ಲಿ ಗಾಡಿ ಜಾಸ್ತಿ ಉಜ್ಜುವುದಕ್ಕೆ ಅಲ್ಲಿ ಏರನ್ನು ಕಡಿಮೆ ಮಾಡ್ಬೇಕು, ನಮ್ಮ ರೈಲ್ವೆಯಲ್ಲಿ ನ್ಯಾರೋ ಗೇಜಿಗೆ ಒಂದು ಡಿಗ್ರಿ ತಿರುವಿಗೆ ಶೇಕಡಾ 0.02 ಕಳೀತಾರೆ. 40 ಡಿಗ್ರಿ ತಿರುವಲ್ಲಿ ಶೇಕಡಾ 0.8 ಹೋಯ್ತು, ಉಳಿದದ್ದು 2.2. (1750ನ್ನು ಡಿಗ್ರಿಯಿಂದ ಭಾಗಿಸಿದ್ರೆ ತಿರುವಿನ ತ್ರಿಜ್ಯ ಮೀಟರಲ್ಲಿ ಸಿಗ್ತದೆ, 40 ಡಿಗ್ರಿ ಅಂದ್ರೆ 44 ಮೀಟರ್ ಹತ್ತಿರ, ಟ್ರ್ಯಾಕ್ ತುಂಡು ಆರಿಸುವಾಗ ಇದು ಕೈಗೆ ಬರ್ತದೆ.) ಘಟ್ಟದಲ್ಲಿ ಅರ್ಧಕ್ಕರ್ಧ ತಿರುವೇ ಇರುವ ಕಾರಣ ಕೊನೆಗೆ 20-22 ಕಿಲೋಮೀಟರ್ ಆಗ್ತದೆ. ಇದನ್ನೆಲ್ಲ ಸೋಮೇಶ್ವರದಿಂದಲೇ ಸುತ್ತಿಸ್ಲಿಕ್ಕೆ ಕಷ್ಟ, ಹೆಬ್ರಿ ದಾಟಿದ ಕೂಡ್ಲೇ ಗುಡ್ಡದ ಬದಿ ಹಿಡಿದು ಮೆಲ್ಲ ಏರ್ಲಿಕ್ಕೆ ಶುರು ಮಾಡಿ.

ಗೆರೆ ಎಳೆಯುವುದು ಮೇಲಿಂದ ಕೆಳಗೆ. ಆಗುಂಬೆಯಲ್ಲಿ ಘಟ್ಟದ ತುದಿಗೆ ಬಾಯಿ ಒಂದೇ ಕಡೆ, ಅದನ್ನು ಸರಿಸ್ಲಿಕ್ಕೆ ಆಗುವುದಿಲ್ಲ, ಕೆಳಗೆ ಎಲ್ಲಿ ಬಂದು ಮುಟ್ಟಿದ್ರೂ ನಡೀತದೆ. ರೂಟ್ ಮಾಡುವ ಎಡಿಟರ್ ಓಪನ್ ಮಾಡುವ ಮೊದಲು ಕಾಂಟೂರ್ ಮ್ಯಾಪಿನಲ್ಲಿ (ಎತ್ತರದ ಗೆರೆ ಇರುವ ನಕ್ಷೆ) ಪೆನ್ಸಿಲ್ ಹಿಡಿದು 100 ಮೀಟರಿಗೆ 3 ಮೀಟರಿನಂತೆ ಇಳಿಸ್ತಾ ಬನ್ನಿ, ಜಾಗ ಸಾಲದ ಕಡೆ ಡಾರ್ಜಿಲಿಂಗ್ ಲೈನಲ್ಲಿ ಇರುವ ಹಾಗೆ ಝಡ್ ರಿವರ್ಸ್ ಹಾಕಿ, ಅಂದ್ರೆ ಗಾಡಿ ಮುಂದೆ ಹೋಗಿ ನಿಂತು ಹಿಮ್ಮುಖ ಹತ್ತಿ ಮತ್ತೆ ಮುಂದೆ ಹೋಗುವುದು. ಲೂಪ್, ಅಂದ್ರೆ ಹಳಿ ಸುತ್ತು ಹಾಕಿ ತನ್ನ ಮೇಲೆಯೇ ದಾಟಿ ಏರುವುದು, ನೋಡ್ಲಿಕ್ಕೆ ಚಂದ ನಿಜ, ಆದ್ರೆ ಅದಕ್ಕೆ ಅಗಲದ ದಿಬ್ಬ ಬೇಕು, ಆಗುಂಬೆಯ ಪಶ್ಚಿಮದ ಮೈ ಗೋಡೆ ಹಾಗೆ ಉಂಟು, ಅಲ್ಲಿ ಎರಡು ಝಡ್ಡೇ ಸರಿ ಅಂತ ನನ್ನ ಅಭಿಪ್ರಾಯ. ಝಡ್ಡಿನ ಬಾಲ 100 ಮೀಟರ್ ಇರ್ಲಿ, ಅಷ್ಟೂ ಸಮತಟ್ಟು. ಸುರಂಗ ಬೇಡ. ಶಿಮ್ಲಾ ಲೈನಲ್ಲಿ 102 ಸುರಂಗ ಉಂಟು, ಡಾರ್ಜಿಲಿಂಗ್ ಲೈನಲ್ಲಿ ಒಂದೂ ಇಲ್ಲ, ನಿಮ್ಮದು ಬಡ ಲೈನು. ಅದರ ಬದಲಿಗೆ ಗುಡ್ಡದ ಪ್ರತಿ ಮಡಿಕೆಯಲ್ಲಿ ಒಂದು ತೋಡು, ಪ್ರತಿ ತೋಡಿಗೆ ಒಂದು ಕಲ್ಲಿನ ಮೋರಿ ಇಡಿ. ಅಷ್ಟು ಮಳೆಯ ನೀರು ಹೋಗ್ಲಿಕ್ಕೆ ದಾರಿ ಕಾಣದಿದ್ರೆ ನಮ್ಮ ಕಡೆಯವ್ರಿಗೆ ನೋಡಿದ ಕೂಡ್ಲೇ ಸುಳ್ಳು ಅಂತ ಗೊತ್ತಾಗ್ತದೆ.

ದೊಡ್ಡ ರೈಲನ್ನು ಕುಗ್ಗಿಸಿದ ಹಾಗೆ ಕಾಣುವುದಕ್ಕೆ ಕಾರಣ ಬೇರೆ, ನಿಮ್ಮ ಲೈನು ಯಾಕೆ ಹುಟ್ಟಿತು ಅಂತ ನೀವು ಇನ್ನೂ ತೀರ್ಮಾನ ಮಾಡ್ಲಿಲ್ಲ. ನೀವು ಆರಿಸಿದ ಕಾಲದಲ್ಲಿ ಕೆಳಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ, ಮೇಲೆ ಮೈಸೂರು ಸಂಸ್ಥಾನ, ಗಡಿ ಇದ್ದದ್ದು ಘಟ್ಟದ ತುದಿಯಲ್ಲೇ. ಇದಕ್ಕಿಂತ ಒಳ್ಳೆ ಕತೆ ಬೇಕಾ? ಆಗುಂಬೆ ಸ್ಟೇಷನ್ನಿನಲ್ಲಿ ಒಂದು ಸುಂಕದ ಕಟ್ಟೆ, ಎರಡು ಆಡಳಿತದ ಎರಡು ಆಫೀಸು, ಸರಕು ತಪಾಸಣೆಗೆ ಗಾಡಿ ನಿಲ್ಲುವ ಎರಡ್ನೇ ಲೈನು, ಇಷ್ಟು ತಾನಾಗಿಯೇ ಹುಟ್ಟಿಕೊಳ್ತದೆ. ಮೈಸೂರಿನ ಕೋಲಾರದ ಕಡೆ ಆಗಲೇ 762ರ ಲೈನು ಇತ್ತು, ಹಾಗಾಗಿ ನಿಮ್ಮ ಗೇಜಿಗೂ ಕಾರಣ ಸಿಕ್ಕಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಉಡುಪಿಗೆ 1993ರವರೆಗೆ ಇಲ್ಲ, ಅಂದ್ರೆ ನಿಮ್ಮ ಇಂಜಿನ್‌ಗಳು ತುಂಡುತುಂಡಾಗಿ ಮಂಜಿ ದೋಣಿಯಲ್ಲಿ ಮಲ್ಪೆಗೆ ಬಂದು ಅಲ್ಲೇ ಜೋಡಿಸಿದ್ದು. ಚಿಕ್ಕ ಇಂಜಿನೇ ಯಾಕೆ ಅನ್ನುವುದಕ್ಕೆ ಉತ್ತರ ಅದು, ಮಲ್ಪೆಯಲ್ಲಿ ಒಂದು ಕ್ರೇನು, ಒಂದು ರಿಪೇರಿ ಶೆಡ್ಡು ಇರ್ಲೇಬೇಕು. ಮೇಲಕ್ಕೆ ಉಪ್ಪು, ಒಣಮೀನು, ಹಂಚು, ಕೆಳಗೆ ಅಡಿಕೆ, ಅಕ್ಕಿ, ಮರ. ಮುಚ್ಚಿದ ವ್ಯಾಗನ್ ಜಾಸ್ತಿ, ಪ್ಯಾಸೆಂಜರ್ ಬೋಗಿ ಕಡಿಮೆ ಇರ್ಲಿ. ಸೋಮೇಶ್ವರದಲ್ಲಿ ನೀರಿನ ಟ್ಯಾಂಕು, ಗಾಡಿ ಎರಡು ತುಂಡು ಮಾಡಿ ಹತ್ತಿಸ್ಲಿಕ್ಕೆ ಯಾರ್ಡು, ಘಟ್ಟ ಇಳಿಯುವ ಕಡೆ ಬ್ರೇಕ್ ಫೇಲಾದ ಗಾಡಿ ಹೋಗಿ ನಿಲ್ಲುವ ಏರು ಸೈಡಿಂಗು.

ಕಟ್ಟಡಗಳು ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಉದ್ದದ ಜಗಲಿ. ಮಂಗಳೂರಲ್ಲಿ 1865ರಿಂದಲೇ ಹಂಚಿನ ಕಾರ್ಖಾನೆ ಉಂಟಲ್ಲ. ಒಟ್ರಾಶಿ ಮರ ನೆಡ್ಬೇಡಿ, ಅಕೇಶಿಯಾ ತೋಪು, ರಬ್ಬರ್ ತೋಟ ಎಲ್ಲ ಆಮೇಲೆ ಬಂದದ್ದು. ಬೈಲಲ್ಲಿ ಗದ್ದೆ, ಅಂಚಿಗೆ ತೆಂಗು, ಗುಡ್ಡೆಯಲ್ಲಿ ಗೇರು, ಘಟ್ಟದಲ್ಲಿ ಬಿದಿರು, ಬೈನೆ.

ಇನ್ನೊಂದು ಮಾತು, ಮಲ್ಪೆ ಕಡೆಯದ್ದನ್ನು ಸದ್ಯ ಬದಿಗಿಡಿ. ಹೆಬ್ರಿಯಿಂದ ಆಗುಂಬೆ ಮಾತ್ರ ಪೂರ್ತಿ ಮಾಡಿ ಓಡಿಸಿ, ಗಂಟೆಗೆ 15 ಕಿಲೋಮೀಟರ್ ಸ್ಪೀಡಲ್ಲಿ ಎರಡು ಗಂಟೆ ಹತ್ತಿರ ಆಟ ಸಿಗ್ತದೆ. ಅಗಲ ಹರಡಿ ಅರ್ಧಕ್ಕೆ ಬಿಟ್ಟ ರೂಟ್ ನನ್ನ ಕಂಪ್ಯೂಟರಲ್ಲೇ ಮೂರು ಉಂಟು, ಬೇಸರ ಆಗ್ತದೆ ನೋಡುವಾಗ.

ಪ್ರಶ್ನೆ: ಸುರತ್ಕಲ್‌ನಿಂದ ಕೇಳ್ತಾ ಇದ್ದೇನೆ. ಉಪಗ್ರಹದ ಎತ್ತರದ ಡೇಟಾ ಹಾಕಿದೆ, ಕಾಡಲ್ಲಿ ನೆಲ ಉಬ್ಬುತಗ್ಗಾಗಿ ಬರ್ತದೆ, ಹಳಿ ಹಾಕಿದ್ರೆ ಪಕ್ಕದಲ್ಲಿ ಹೊಂಡ ಬೀಳ್ತದೆ.

ಉತ್ತರ: ಹೆಚ್ಚಿನವ್ರು ಬಳಸುವುದು 2000ದ ಫೆಬ್ರವರಿಯಲ್ಲಿ ಸ್ಪೇಸ್ ಶಟಲಿನಿಂದ ರೇಡಾರಲ್ಲಿ ಅಳೆದ ಡೇಟಾ, ಸುಮಾರು 30 ಮೀಟರಿಗೆ ಒಂದು ಪಾಯಿಂಟ್. ದಟ್ಟ ಕಾಡಲ್ಲಿ ರೇಡಾರ್ ಪೂರ್ತಿ ನೆಲ ಮುಟ್ಟುವುದಿಲ್ಲ, ಮರದ ತಲೆಯ ಒಳಗಿನ ಎತ್ತರವನ್ನೇ ನೆಲ ಅಂತ ಬರ್ಕೊಳ್ತದೆ, ನೀವು ನೋಡುವ ಉಬ್ಬು ಅದೇ. ಹಳಿ ಹೋಗುವ ಪಟ್ಟಿಯನ್ನು ಮೊದಲು ನುಣುಪು ಮಾಡ್ಕೊಳ್ಳಿ. ಹೊಂಡಕ್ಕೆ ಕಾರಣ ಎಡಿಟರಿನ ನೆಲದ ಬಲೆ, ಎರಡು ಪಾಯಿಂಟಿನ ನಡುವೆ 8 ಮೀಟರ್, ನಾಲ್ಕು ಮೀಟರಿನ ಕಟ್ಟೆಯನ್ನು ಅದ್ರಲ್ಲಿ ಕೊರೀಲಿಕ್ಕೆ ಬರುವುದಿಲ್ಲ. ಹೊಂಡದ ಬದಿಗೆ ಕಲ್ಲಿನ ತಡೆಗೋಡೆಯ ಮಾಡೆಲ್ ಇಡಿ, ನಿಜವಾದ ಘಟ್ಟದ ಲೈನಲ್ಲೂ ಅಲ್ಲಿ ಗೋಡೆಯೇ ಇರ್ತದೆ.