ಶೇರ್ ಮಾಡಿದ ಫೋಲ್ಡರ್: ಯಾರು ನೋಡ್ಬೇಕು, ಯಾರು ತಿದ್ಬೇಕು?

ಪ್ರಶ್ನೆ: ಮಂಡ್ಯದಲ್ಲಿ ಒಂದು ಬೆಲ್ಲದ ಮಂಡಿ ಲೆಕ್ಕ ನೋಡ್ಕೋತೀನಿ ಸಾರ್. ವಿಂಡೋಸ್ 11 ಪ್ರೋ ಇರೋ ಕಂಪ್ಯೂಟರ್‌ನ ಡಿ ಡ್ರೈವ್‌ನಲ್ಲಿ 'ಲೆಕ್ಕ' ಅಂತ ಫೋಲ್ಡರ್ ಶೇರ್ ಮಾಡಿದೀವಿ. ಬಿಲ್ ಹಾಕೋರು ಎಕ್ಸೆಲ್ ಶೀಟ್ ತಿದ್ಬೇಕು, ತೂಕದ ಹತ್ರ ಇರೋರು ಬರೀ ನೋಡ್ಬೇಕು. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ರೂ ಬೇರೆ ಕಂಪ್ಯೂಟರಿಂದ ಸೇವ್ ಆಗ್ತಿಲ್ಲ. ಏನ್ಮಾಡೋದು?

ಉತ್ತರ: ನೆಟ್‌ವರ್ಕ್ ಮೇಲೆ ಬರೋರು ಎರಡು ಗೇಟ್ ದಾಟ್ಬೇಕು, ಶೇರಿಂಗ್ ಟ್ಯಾಬ್‌ನ ಪರ್ಮಿಷನ್ ಒಂದು, ಸೆಕ್ಯುರಿಟಿ ಟ್ಯಾಬ್‌ದು ಇನ್ನೊಂದು, ಎರಡರಲ್ಲಿ ಯಾವ್ದು ಬಿಗಿಯೋ ಅದೇ ನಡೆಯೋದು. ಅಡ್ವಾನ್ಸ್‌ಡ್ ಶೇರಿಂಗ್‌ನಲ್ಲಿ ಶೇರ್ ಮಾಡಿದ್ರೆ ಎವೆರಿವನ್‌ಗೆ ಸಿಗೋದು ಬರೀ ರೀಡ್. ನಿಮಗೆ ತಡೆ ಬಿದ್ದಿರೋದು ಅಲ್ಲೇ.

ಮೊದ್ಲು ಸೆಕ್ಯುರಿಟಿಯಲ್ಲಿ ಎವೆರಿವನ್‌ನ ತೆಗೀರಿ, ವ್ಯಾಪಾರದ ಲೆಕ್ಕ ಹಂಗೆ ಬಿಟ್ಟಿರಬಾರ್ದು. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ 'ಬಿಲ್ಲಿಂಗ್', 'ತೂಕ' ಅಂತ ಎರಡು ಗ್ರೂಪ್ ಮಾಡಿ, ಒಬ್ಬೊಬ್ರಿಗೂ ಬೇರೆ ಯೂಸರ್ ಕೊಟ್ಟು ಅದ್ರೊಳಗೆ ಸೇರ್ಸಿ. ಪರ್ಮಿಷನ್ ಯಾವಾಗ್ಲೂ ಗ್ರೂಪ್‌ಗೇ ಕೊಡಿ, ನಾಳೆ ಹುಡುಗ ಕೆಲಸ ಬಿಟ್ರೆ ಗ್ರೂಪಿಂದ ತೆಗೆದ್ರೆ ಸಾಕು, ಫೋಲ್ಡರ್ ಫೋಲ್ಡರ್ ಹುಡುಕೋದು ತಪ್ಪುತ್ತೆ. ಶೇರಿಂಗ್‌ನಲ್ಲಿ ಎವೆರಿವನ್ ಬದ್ಲು ಈ ಎರಡೂ ಗ್ರೂಪ್‌ಗೆ ಚೇಂಜ್ (ತಿದ್ದೋ ಅನುಮತಿ) ಕೊಡಿ, ಸೆಕ್ಯುರಿಟಿಯಲ್ಲಿ ಬಿಲ್ಲಿಂಗ್‌ಗೆ ಮಾಡಿಫೈ (ತಿದ್ದೋದು, ಅಳಿಸೋದು), ತೂಕಕ್ಕೆ ರೀಡ್ (ಬರೀ ನೋಡೋದು). ಫುಲ್ ಕಂಟ್ರೋಲ್ ನಿಮ್ಮ ಹತ್ರ ಮಾತ್ರ ಇರ್ಲಿ, ಯಾಕಂದ್ರೆ ಅದಿದ್ದೋರು ಪರ್ಮಿಷನ್ನೇ ಬದಲಾಯಿಸ್ಬೋದು.

ಇಲ್ಲೊಂದು ವಿಷ್ಯ ತುಂಬಾ ಜನ ನೋಡಲ್ಲ. ಡಿ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಅಥೆಂಟಿಕೇಟೆಡ್ ಯೂಸರ್ಸ್‌ಗೆ, ಅಂದ್ರೆ ಲಾಗಿನ್ ಆಗಿ ಬರೋ ಎಲ್ರಿಗೂ, ಮಾಡಿಫೈ ಇರುತ್ತೆ, ಅದು ಒಳಗಿನ ಫೋಲ್ಡರ್‌ಗೂ ಇಳಿದು ಬರುತ್ತೆ, ಅದನ್ನ ಹಾಗೇ ಬಿಟ್ರೆ ತೂಕದೋರೂ ಶೀಟ್ ತಿದ್ಬೋದು, ಡಿಲೀಟೂ ಮಾಡ್ಬೋದು. ಸೆಕ್ಯುರಿಟಿ ಟ್ಯಾಬ್‌ನ ಅಡ್ವಾನ್ಸ್‌ಡ್‌ಗೆ ಹೋಗಿ ಇನ್‌ಹೆರಿಟೆನ್ಸ್ (ಹೀಗೆ ಮೇಲಿಂದ ಇಳಿದು ಬರೋದು) ಡಿಸೇಬಲ್ ಮಾಡಿ, ಇರೋ ಪರ್ಮಿಷನ್‌ನೆಲ್ಲ ಉಳಿಸ್ಕೊಳ್ಳೋ ಆಯ್ಕೆ ಒತ್ತಿ, ಆಮೇಲೆ ಅಥೆಂಟಿಕೇಟೆಡ್ ಯೂಸರ್ಸ್ ಸಾಲೂ ಯೂಸರ್ಸ್ ಅನ್ನೋ ಸಾಲೂ ತೆಗೀರಿ. ಅಡ್ಮಿನಿಸ್ಟ್ರೇಟರ್ಸ್, ಸಿಸ್ಟಮ್ ಮುಟ್ಬೇಡಿ.

ತೂಕದೋರನ್ನ ತಡೆಯೋಕೆ ಅಂತ ಡಿನೈ (ಬೇಡ ಅನ್ನೋ) ಟಿಕ್ ಹಾಕೋಕೆ ಹೋಗ್ಬೇಡಿ. ಒಬ್ರೇ ಎರಡೂ ಗ್ರೂಪ್‌ನಲ್ಲಿದ್ರೆ ಅಲೋ ಎಲ್ಲ ಕೂಡ್ಕೊಳ್ಳುತ್ತೆ, ಆದ್ರೆ ಡಿನೈ ಇದ್ರೆ ಅದೇ ಗೆಲ್ಲೋದು, ನಿಮ್ಮ ಬಿಲ್ ಹಾಕೋರೇ ಹೊರಗೆ ನಿಲ್ಬೇಕಾಗುತ್ತೆ. ಮಾಡಿಫೈ ಕೊಡದೇ ಇರೋದೇ ತಡೆ.

ಗ್ರೂಪ್‌ಗೆ ಸೇರ್ಸಿದ ಮೇಲೆ ಅವ್ರು ಸೈನ್ ಔಟ್ ಆಗಿ ಮತ್ತೆ ಬರ್ಲಿ, ಹಳೇ ಲಾಗಿನ್‌ಗೆ ಹೊಸ ಗ್ರೂಪ್ ಗೊತ್ತಾಗಲ್ಲ. ಆಮೇಲೆ ತೂಕದ ಕಂಪ್ಯೂಟರಿಂದ ಒಂದು ಖಾಲಿ ಫೈಲ್ ಸೇವ್ ಮಾಡಿ ನೋಡಿ, ಆಗ್ಬಾರ್ದು.