ಸರಪಳಿ ಇದ್ದರೆ ಸಾಕು ಅಂತ ನಾನೂ ನಂಬಿದ್ದೆ

ಇಡೀ ದಿನ ಕಟ್ಟಿಯೇ ಇರುವ ತೋಟದ ನಾಯಿಗೆ ಪಂಚಾಯತ್ ಲೈಸೆನ್ಸ್ ಯಾಕೆ, ಇಂಜೆಕ್ಷನ್ ನಾವೇ ತಂದು ಚುಚ್ಚಿಸಿದರೆ ಸಾಲದಾ ಅಂತ ಕೇಳಿದ್ದೀರಿ. ಓದುವಾಗ ಎದೆ ಧಸಕ್ ಅಂತು. ಆರು ವರ್ಷದ ಹಿಂದೆ ನಾನು ಹೇಳುತ್ತಿದ್ದದ್ದೂ ಇದನ್ನೇ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ನಮ್ಮ ನಾಯಿ ದಾಸುವನ್ನು ಗಡಿಯಾಚೆ ಕರ್ನಾಟಕದ ವಿಟ್ಲದ ಅಕ್ಕನ ಮನೆಯಿಂದ ಮರಿಯಾಗಿದ್ದಾಗ ತಂದದ್ದು. ಮೂರು ತಿಂಗಳಾದಾಗ ಮೊದಲ ಹುಚ್ಚುನಾಯಿ ಇಂಜೆಕ್ಷನ್ ಮೃಗಾಸ್ಪತ್ರೆಯಲ್ಲೇ ಕೊಡಿಸಿದೆ. ಮರುವರ್ಷ ಉದಾಸೀನ ಬಂತು. ಅಡಿಕೆ ಮಾರಲು ಪುತ್ತೂರಿಗೆ ಹೋದವನು ಅಲ್ಲೇ ಮದ್ದಿನ ಅಂಗಡಿಯಿಂದ ಒಂದು ಬಾಟ್ಲಿ ತಂದೆ. ದನಗಳಿಗೆ ಸೂಜಿ ಹಾಕಿ ಅಭ್ಯಾಸ ಇದ್ದ ನೆರೆಮನೆಯ ಮಾವ ಚುಚ್ಚಿದರು. ಕೆಲಸ ಮುಗಿಯಿತು ಅಂದುಕೊಂಡೆ.

ತಪ್ಪಾದದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಆ ಮದ್ದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅಂಗಡಿಯವರು ಫ್ರಿಜ್ಜಿನಿಂದ ತೆಗೆದುಕೊಟ್ಟರು, ನಾನು ಸಾಮಾನಿನ ಚೀಲಕ್ಕೆ ಹಾಕಿದೆ. ಏಪ್ರಿಲ್ ತಿಂಗಳು. ಎರಡು ಬಸ್ಸು ಬದಲಿಸಿ ಮನೆಗೆ ಬರುವಾಗ ಬಾಟ್ಲಿ ಕೈಗೆ ಬೆಚ್ಚಗೆ ತಾಗುತ್ತಿತ್ತು. ಹಾಳಾದ ಮದ್ದು ನೋಡಲು ಒಳ್ಳೆಯ ಮದ್ದಿನ ಹಾಗೆಯೇ ಇರುತ್ತದೆ, ಚುಚ್ಚುವಾಗಲೂ ಗೊತ್ತಾಗುವುದಿಲ್ಲ. ಇನ್ನು ನಾಯಿಯ ಇಂಜೆಕ್ಷನ್ ಕಾರ್ಡು. ಡಾಕ್ಟರ ಸಹಿ ಇಲ್ಲ, ತಾರೀಕು ಇಲ್ಲ, ಬಾಟ್ಲಿಯ ಬ್ಯಾಚ್ ನಂಬರ್ ಇರುವ ಚೀಟಿಯನ್ನು ಯಾರೂ ಅಂಟಿಸಿಲ್ಲ. ಅಂದರೆ ದಾಸುವಿಗೆ ರಕ್ಷಣೆ ಇತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಇತ್ತು ಅಂತ ಬೇರೆಯವರಿಗೆ ತೋರಿಸಲಿಕ್ಕೂ ಏನೂ ಇರಲಿಲ್ಲ.

ಆ ವರ್ಷ ಅಡಿಕೆ ಸುಲಿಯಲು ಬರುತ್ತಿದ್ದ ಅಕ್ಕನ ಜೊತೆ ಅವರ ಏಳು ವರ್ಷದ ಮಗ ಬಂದಿದ್ದ. ಚೆಂಡು ಕೊಟ್ಟಿಗೆಯ ಬದಿಗೆ ಉರುಳಿತು. ಹೆಕ್ಕಲು ಹೋದ. ದಾಸು ಸರಪಳಿಯಲ್ಲೇ ಇದ್ದ. ಆದರೆ ಹುಡುಗನ ಕೈ ಸರಪಳಿಗಿಂತ ಹತ್ತಿರ ಇತ್ತು.

ಒಬ್ಬರು ಸುಣ್ಣ ಹಚ್ಚಿ ಅಂದರು. ನನ್ನ ಹೆಂಡತಿ ಯಾರ ಮಾತೂ ಕೇಳದೆ ನಳ್ಳಿಯ ಕೆಳಗೆ ಸಾಬೂನು ಹಾಕಿ 15 ನಿಮಿಷ ಗಾಯ ತೊಳೆದಳು. ಅವಳಿಗೆ ಅಷ್ಟು ತಿಳಿದಿದ್ದದ್ದು ಪುಣ್ಯ. ಆಸ್ಪತ್ರೆಯಲ್ಲಿ ಡಾಕ್ಟರ್ ಮಲಯಾಳದಲ್ಲಿ ಕೇಳಿದ ಮೊದಲ ಪ್ರಶ್ನೆಯೇ ನಾಯಿಗೆ ಕುತ್ತಿವೆಪ್ಪು, ಅಂದರೆ ಇಂಜೆಕ್ಷನ್, ಆಗಿದೆಯಾ ಅಂತ. ಆಗಿದೆ ಅಂದೆ. ಕಾರ್ಡ್ ಕೇಳಿದರು. ಹುಡುಗನ ತಾಯಿ ನನ್ನ ಮುಖ ನೋಡಿದರು.

ಕಾರ್ಡ್ ಇದ್ದಿದ್ದರೂ ಹುಡುಗನಿಗೆ ಸೂಜಿ ತಪ್ಪುತ್ತಿರಲಿಲ್ಲ. ರಕ್ತ ಬಂದ ಗಾಯ, ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್, ಅಂದರೆ ರೋಗಾಣುವನ್ನು ಕೂಡಲೇ ತಡೆಯುವ ಮದ್ದು, ಚುಚ್ಚಿದರು. ಆಮೇಲೆ ಮೂರನೇ, ಏಳನೇ, 28ನೇ ದಿನ ಹುಚ್ಚುನಾಯಿ ಇಂಜೆಕ್ಷನ್ನಿಗೆ ಮತ್ತೆ ಕರೆದುಕೊಂಡು ಹೋದೆವು. ಆದರೆ ನಾಯಿಯನ್ನು ಹತ್ತು ದಿನ ನೋಡುತ್ತಿರಿ ಅಂದಿದ್ದರಲ್ಲ, ಆ ಹತ್ತು ದಿನ ಅವನ ತಾಯಿ ಬೆಳಿಗ್ಗೆ ಬೆಳಿಗ್ಗೆ ನಮ್ಮ ತಡಮೆಯ ಆಚೆ ಬಂದು ನಿಲ್ಲುತ್ತಿದ್ದರು. ಒಳಗೆ ಬನ್ನಿ ಅಂದರೆ ಬರುತ್ತಿರಲಿಲ್ಲ. ದಾಸು ಅನ್ನ ತಿನ್ನುವುದನ್ನು ನೋಡಿ ವಾಪಸ್ ಹೋಗುತ್ತಿದ್ದರು. ಕೈಯಲ್ಲಿ ಒಂದು ಕಾರ್ಡ್ ಇದ್ದಿದ್ದರೆ ಅವರಿಗೆ ಸ್ವಲ್ಪವಾದರೂ ಧೈರ್ಯ ಹೇಳಬಹುದಿತ್ತು. ದಾಸುವಿಗೆ ಏನೂ ಆಗಲಿಲ್ಲ, ಹುಡುಗ ಚೆನ್ನಾಗಿದ್ದಾನೆ. ಆ ಅಕ್ಕ ಮಾತ್ರ ನಮ್ಮಲ್ಲಿಗೆ ಕೆಲಸಕ್ಕೆ ಮತ್ತೆ ಬರಲಿಲ್ಲ. ಅವರದ್ದು ಸರಿಯೇ.

ಹಾಗಾಗಿ ‘ಕಟ್ಟಿದ್ದೇವಲ್ಲ’ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟಿಯೇ ಬೆಳೆಸಿದ ನಾಯಿ ಜಾಸ್ತಿ ಹೆದರುತ್ತದೆ, ಓಡಿ ಹೋಗಲು ದಾರಿ ಇಲ್ಲದಾಗ ಕಚ್ಚುತ್ತದೆ. ಸದಾ ಕಟ್ಟಿ ಹಾಕಿ ಓಡಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೇ. ಲೈಸೆನ್ಸೂ ಬೇಕು. ಕೇರಳದ ಪಂಚಾಯತ್‌ಗಳಲ್ಲಿ ನಾಯಿ ಸಾಕಲು ಲೈಸೆನ್ಸ್ ಬೇಕು ಅಂತ 1998ರಿಂದಲೇ ನಿಯಮ ಇದೆ. ಅದಕ್ಕೆ ಹುಚ್ಚುನಾಯಿ ಇಂಜೆಕ್ಷನ್ ಕೊಡಿಸಿದ ಸರ್ಟಿಫಿಕೇಟ್ ಕೊಡಬೇಕು. ಗಡಿಯಾಚೆಯಿಂದ ತಂದ ನಾಯಿ ಅಂತ ವಿನಾಯಿತಿ ಇಲ್ಲ, ಈಗ ಅದು ಇರುವುದು ನಿಮ್ಮ ಪಂಚಾಯತ್‌ನಲ್ಲಿ. ಇನ್ನು ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ, ಈಗಿನ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾಲೀಕ ಎಷ್ಟು ಜಾಗ್ರತೆ ಮಾಡಿದ್ದ ಅಂತಲೇ ಅಲ್ಲಿ ಕೇಳುವುದು. ಸರಪಳಿ ಇತ್ತು ಅನ್ನುವ ಒಂದೇ ಉತ್ತರ ಸಾಲುವುದಿಲ್ಲ.

ಆಮೇಲೆ ನಾನು ಕೊಟ್ಟಿಗೆಯ ಪಕ್ಕ ಬಲೆ ಕಟ್ಟಿ ದಾಸುವಿಗೆ ಓಡಾಡಲು ಜಾಗ ಮಾಡಿದೆ. ಕೆಲಸದವರು ಬರುವ ಹೊತ್ತಿಗೆ ಅವನು ಅದರೊಳಗೆ, ಬಾಗಿಲಿಗೆ ಅಗಳಿ. ಲೈಸೆನ್ಸಿಗೆ ಅರ್ಜಿ ಕನ್ನಡದಲ್ಲೇ ಬರೆದುಕೊಟ್ಟೆ, ನಮ್ಮ ಕಡೆ ಅದಕ್ಕೆ ಹಕ್ಕಿದೆ, ನೀವೂ ಹಾಗೇ ಕೊಡಿ. ಆದರೆ ಮೊದಲು ನಾಯಿಯನ್ನೇ ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ವಾರವೇ. ಡಾಕ್ಟರ್ ಸಹಿ ಹಾಕಿ ತಾರೀಕು ಬರೆಯುವವರೆಗೆ ಅಲ್ಲಿಂದ ಏಳಬೇಡಿ.